ಹಿನ್ನೀರಿನ ಹಳೆಯ ದೋಣಿಯೊಂದರ ಕಿಟಕಿಗಳು: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ದೋಣಿ ಹಾಸನ ಜಿಲ್ಲೆಯ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿದೆ. ಮಾಲೀಕರು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು. ಅವರ ಹೆಸರು, ದೋಣಿಯ ಹೆಸರು, ಅದನ್ನು ಕಟ್ಟುವ ದಡ, ಸಾಮಾನು ಕೊಟ್ಟ ಅಂಗಡಿಗಳು ಯಾವುದನ್ನೂ ಇಲ್ಲಿ ಹೇಳಿಲ್ಲ. ಗುರುತು ಹಿಡಿಯಲು ನೆರವಾಗಬಹುದಾದ ಒಂದೆರಡು ಸಣ್ಣ ವಿವರಗಳನ್ನು ಬದಲಿಸಲಾಗಿದೆ. ಫೈಬರ್ ಕೆಲಸ ಬಲ್ಲವನೆಂಬ ಕಾರಣಕ್ಕೆ ನಾನು ಸಲಹೆಗಾರನಾಗಿ ಜೊತೆಗಿದ್ದೆ. ತೀರ್ಮಾನಗಳನ್ನು ಕೈಗೊಂಡವರು ಮಾಲೀಕರು, ಕೆಲಸ ಮಾಡಿದವರು ತೋಟದ ಮರಗೆಲಸದ ಮೇಸ್ತ್ರಿ ಮತ್ತು ಅವರ ಇಬ್ಬರು ಹುಡುಗರು.

ದೋಣಿ ಸುಮಾರು 26 ಅಡಿ ಉದ್ದದ್ದು, ಫೈಬರ್‌ನದು, ನಡುವೆ ಕೂರುವ ಕ್ಯಾಬಿನ್ ಇರುವಂಥದ್ದು. ಕರಾವಳಿಯಲ್ಲಿ ಬಹುಕಾಲ ದುಡಿದು, ಕೈ ಬದಲಾಗಿ, ಲಾರಿಯ ಮೇಲೆ ಶಿರಾಡಿ ಘಾಟಿ ಹತ್ತಿ ಬಂದಿತ್ತು. ಕ್ಯಾಬಿನ್ನಿನ ಪಕ್ಕದ ಗೋಡೆಗಳು ಹೊರಗೊಂದು ಒಳಗೊಂದು ಫೈಬರ್ ಪದರ, ನಡುವೆ ಪ್ಲೈವುಡ್ ಎಂಬ ಹಳೆಯ ಪದ್ಧತಿಯಲ್ಲಿ ಕಟ್ಟಿದವು. ಪ್ರತಿ ಮಗ್ಗುಲಿಗೆ ಮೂರು ಕಿಟಕಿಗಳಿದ್ದು, ಅವುಗಳಲ್ಲಿ ನಡುವಿನದು ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಸರಿಯುವಂಥದ್ದು, ಉಳಿದೆರಡು ತೆರೆಯಲಾಗದ ಅಕ್ರಿಲಿಕ್ (ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್) ಹಾಳೆಗಳು. ಈ ಹಾಳೆಗಳಿಗೆ ಚೌಕಟ್ಟೇ ಇರಲಿಲ್ಲ. ಗೋಡೆಯ ತೆರವಿಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಹೊರಗಿನಿಂದ ಇಟ್ಟು, ಸುತ್ತಲೂ ಸ್ಕ್ರೂ ಬಿಗಿಯಲಾಗಿತ್ತು. ಮುಂಭಾಗದಲ್ಲಿ ರಬ್ಬರ್ ಪಟ್ಟಿಯಲ್ಲಿ ಕೂರಿಸಿದ ಎರಡು ಗಾಜುಗಳಿದ್ದವು.

ಸಮಸ್ಯೆ

ಅಕ್ರಿಲಿಕ್ ಹಾಳೆಗಳು ಹಳದಿಗೆ ತಿರುಗಿ, ಮೈತುಂಬ ಕೂದಲೆಳೆಯಂಥ ಬಿರುಕು ಬಿಟ್ಟಿದ್ದವು. ಬೆಳಗಿನ ಬಿಸಿಲು ಎದುರಿಗೆ ಬಂದರೆ ಆಚೆಯ ದಡ ಕಾಣುತ್ತಿರಲಿಲ್ಲ. ಮಾಲೀಕರನ್ನು ಹೆಚ್ಚು ಕಾಡಿದ್ದು ಮಾತ್ರ ಮಳೆಗಾಲದ ಸೋರಿಕೆ. ಪಡುವಣದಿಂದ ಬೀಸುವ ಗಾಳಿಯೊಂದಿಗೆ ಮಳೆ ಅಡ್ಡಡ್ಡ ಹೊಡೆಯುವಾಗ ಕಿಟಕಿಗಳ ಕೆಳಮೂಲೆಯಿಂದ ನೀರು ಇಳಿದು, ಮೆತ್ತೆ ನೆಂದು, ಬಲ ಮಗ್ಗುಲಿನ ಸ್ವಿಚ್ ಬೋರ್ಡಿನ ಹಿಂದೆ ತುಕ್ಕು ಹಿಡಿಯತೊಡಗಿತ್ತು.

ಸೋರಿದಾಗಲೆಲ್ಲ ಯಾರಾದರೊಬ್ಬರು ಸಿಲಿಕಾನ್ ಟ್ಯೂಬ್ ತಂದು ಹೊರಗಿನಿಂದ ಮೆತ್ತುತ್ತ ಬಂದಿದ್ದರು. ಸ್ನಾನದ ಮನೆಯ ಟೈಲ್ಸ್ ಸಂದಿಗೆ ಹಾಕುವ, ಹಚ್ಚುವಾಗ ವಿನೆಗರ್‌ನಂತೆ ಮೂಗಿಗೆ ಹೊಡೆಯುವ ಆ ಬಗೆಯ ಸಿಲಿಕಾನ್ ಪದರದ ಮೇಲೆ ಪದರವಾಗಿ ಬೆರಳ ದಪ್ಪಕ್ಕೆ ಬೆಳೆದಿತ್ತು. ಸಿಲಿಕಾನ್ ಹಚ್ಚಿದ ಜಾಗಕ್ಕೆ ಮತ್ತೆ ಬೇರೇನೂ ಸರಿಯಾಗಿ ಹಿಡಿಯುವುದಿಲ್ಲ, ಹಳೆಯ ಸಿಲಿಕಾನಿನ ಮೇಲೆ ಹೊಸ ಸಿಲಿಕಾನೂ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ವರ್ಷದ ದುರಸ್ತಿಯೂ ಮುಂದಿನ ವರ್ಷದ ದುರಸ್ತಿಯನ್ನು ಇನ್ನಷ್ಟು ಕಷ್ಟವಾಗಿಸಿತ್ತು.

ಮಾಲೀಕರ ಮೊದಲ ಯೋಜನೆ ಸರಳವಾಗಿತ್ತು: ಹಳೆಯ ಹಾಳೆ ಕಿತ್ತು, ಅದೇ ಅಳತೆಗೆ ಮನೆಯ ಕಿಟಕಿಗೆ ಹಾಕುವ ಗಾಜು ಕತ್ತರಿಸಿ ತಂದು ಮುಂಗಾರಿಗೆ ಮುನ್ನ ಮುಗಿಸುವುದು. ಅದು ಏಪ್ರಿಲ್ ತಿಂಗಳು. ನೀರು ಇಳಿದು, ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಬುಡದವರೆಗೂ ನಡೆದು ಹೋಗಬಹುದಾದ ದಿನಗಳು. ಹಿನ್ನೀರಿನವರೆಲ್ಲ ದೋಣಿ ದಡಕ್ಕೆಳೆದು ದುರಸ್ತಿ ಮಾಡಿಸುವ ಕಾಲ. ಅವಸರಕ್ಕೆ ಕಾರಣವಿತ್ತು.

ಮೊದಲು ಸೋರಿಕೆಯ ಮೂಲ ಹುಡುಕಿದ್ದು

ಕಿತ್ತ ಮೇಲೆ ಯಾವುದು ಎಲ್ಲಿಂದ ಸೋರುತ್ತಿತ್ತೆಂದು ತಿಳಿಯುವುದಿಲ್ಲ. ಹಾಗಾಗಿ ಯಾವ ಸ್ಕ್ರೂವನ್ನೂ ಮುಟ್ಟುವ ಮೊದಲು ನೀರಿನ ಪರೀಕ್ಷೆ ಮಾಡಬೇಕೆಂದು ನಾನು ಕೇಳಿಕೊಂಡೆ. ವಿಧಾನದಲ್ಲಿ ಅಂಥ ಗುಟ್ಟೇನೂ ಇಲ್ಲ. ಒಳಗಿನ ಹೊದಿಕೆ ಹಲಗೆಗಳನ್ನು ತೆಗೆದು, ಗೋಡೆ ಒರೆಸಿ ಒಣಗಿಸಿ, ಕಿಟಕಿಯ ಸುತ್ತ ಹಿಟ್ಟು ಉಜ್ಜಿ, ಒಳಗೆ ಒಬ್ಬರನ್ನು ಟಾರ್ಚ್ ಕೊಟ್ಟು ಕೂರಿಸಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಡುವುದು. ನೀರು ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮೊದಲು ಕಿಟಕಿಗಿಂತ ಕೆಳಗಿನ ಗೋಡೆ, ಆಮೇಲೆ ಕೆಳ ಅಂಚು, ಪಕ್ಕಗಳು, ಮೇಲಂಚು, ಕೊನೆಯಲ್ಲಿ ಛಾವಣಿ. ಒಂದೊಂದು ಕಡೆಯೂ ಕೆಲವು ನಿಮಿಷ ಕಾಯಬೇಕು. ಮೇಲಿನಿಂದ ಶುರು ಮಾಡಿದರೆ ಇಳಿಯುವ ನೀರು ಎಲ್ಲ ಸಂದಿಗಳನ್ನೂ ಒಟ್ಟಿಗೆ ನೆನೆಸಿ, ಪರೀಕ್ಷೆಯೇ ವ್ಯರ್ಥವಾಗುತ್ತದೆ.

ಫಲಿತಾಂಶ ಎಲ್ಲರ ಊಹೆಗಿಂತ ಬೇರೆಯಾಗಿತ್ತು. ತೆರೆಯಲಾಗದ ನಾಲ್ಕು ಕಿಟಕಿಗಳಲ್ಲಿ ಮೂರು ನಿಜವಾಗಿಯೇ ಸೋರುತ್ತಿದ್ದವು. ಬಲ ಮಗ್ಗುಲಿನ ಹಿಂದಿನ ಕಿಟಕಿಯ ಸುತ್ತ ಎಷ್ಟು ನೀರು ಬಿಟ್ಟರೂ ಹಿಟ್ಟು ಒಣಗಿಯೇ ಇತ್ತು. ಪೈಪು ಛಾವಣಿಯ ಕೈಹಿಡಿಯ ಬೋಲ್ಟುಗಳ ಮೇಲೆ ಬಂದಾಗ ಮಾತ್ರ ಕಿಟಕಿಯ ಕೆಳಮೂಲೆಯಲ್ಲಿ ಹನಿ ಕಾಣಿಸಿತು. ನೀರು ಛಾವಣಿಯಲ್ಲಿ ಒಳಹೊಕ್ಕು, ಗೋಡೆಯ ಒಳಮೈಯಲ್ಲಿ ಹರಿದು, ಕಿಟಕಿಯ ಅಂಚು ಸಿಕ್ಕಲ್ಲಿ ಹೊರಬರುತ್ತಿತ್ತು. ಸ್ವಿಚ್ ಬೋರ್ಡಿಗೆ ತುಕ್ಕು ಹಿಡಿಸಿದ್ದು ಇದೇ ನೀರು.

ಸರಿಯುವ ಕಿಟಕಿಗಳ ಕಥೆ ಇನ್ನೂ ಸ್ವಾರಸ್ಯಕರ. ಇಂಥ ಚೌಕಟ್ಟಿನ ಕೆಳಗಾಲುವೆಗೆ ನೀರು ಬೀಳುವುದು ಸಹಜ. ಅದು ಹೊರಹೋಗಲೆಂದೇ ಹೊರಮುಖದಲ್ಲಿ ಸಣ್ಣ ಕಿಂಡಿಗಳನ್ನು ಕೊರೆದಿರುತ್ತಾರೆ. ಯಾರೋ ಒಮ್ಮೆ ಆ ಕಿಂಡಿಗಳನ್ನೇ ಸೋರುವ ತೂತುಗಳೆಂದು ಬಗೆದು ಸಿಲಿಕಾನಿನಿಂದ ಮುಚ್ಚಿದ್ದರು. ಹೊರದಾರಿ ಕಟ್ಟಿದ ನೀರು ಕಾಲುವೆ ತುಂಬಿ ಒಳಕ್ಕೆ ಉಕ್ಕುತ್ತಿತ್ತು. ಕಿಂಡಿಗಳನ್ನು ಬಿಡಿಸಿ, ಸವೆದ ಬ್ರಷ್ ಪಟ್ಟಿ ಬದಲಿಸಿದ್ದರಲ್ಲೇ ಆ ಎರಡು ಕಿಟಕಿಗಳ ಕೆಲಸ ಮುಗಿಯಿತು. ಆರೂ ಕಿಟಕಿ ಬದಲಿಸುವ ಯೋಜನೆ ನಾಲ್ಕಕ್ಕೆ ಇಳಿದದ್ದು ಪೈಪು ಹಿಡಿದ ಆ ಒಂದು ಬೆಳಗಿನ ಲಾಭ. ನಾಲ್ಕನೆಯದು ಸೋರದಿದ್ದರೂ ಅದರ ಹಾಳೆಯ ತುಂಬ ಬಿರುಕಿದ್ದುದರಿಂದ ಅದನ್ನೂ ಪಟ್ಟಿಯಲ್ಲಿ ಉಳಿಸಿಕೊಳ್ಳಲಾಯಿತು.

ಹಾಳೆ ತೆಗೆದಾಗ ಕಂಡದ್ದು

ಸಿಲಿಕಾನಿನ ಅಂಟು ಬಿಡಿಸಲು ತೆಳ್ಳಗಿನ ಪುಟ್ಟಿ ಬ್ಲೇಡು, ಮೀನು ಹಿಡಿಯುವ ನೈಲಾನ್ ದಾರ ಮತ್ತು ತಾಳ್ಮೆ ಬೇಕಾದವು. ಸ್ಕ್ರೂಗಳಲ್ಲಿ ಅರ್ಧದಷ್ಟು ಕಬ್ಬಿಣದವಾಗಿದ್ದು ತುಕ್ಕು ಹಿಡಿದು ತಲೆ ಕಳಚಿಕೊಂಡವು. ಎಡ ಮಗ್ಗುಲಿನ ಮುಂದಿನ ಹಾಳೆ ಹೊರಬಂದ ಮೇಲೆ ಮೇಸ್ತ್ರಿ ಗೋಡೆಯ ಅಂಚಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿದರು. ಅದು ಎರಡು ಫೈಬರ್ ಪದರಗಳ ನಡುವೆ ಸಲೀಸಾಗಿ ಹಿಡಿಯವರೆಗೂ ಇಳಿಯಿತು. ಕೆದಕಿದಾಗ ಬಂದದ್ದು ಮರವಲ್ಲ, ಸೋಸಿ ಉಳಿದ ಕಾಫಿ ಗಸಿಯಂಥ ಕಪ್ಪು ಒದ್ದೆ ಪುಡಿ. “ಇದು ಕಿಟ್ಕಿ ಕೆಲ್ಸ ಅಲ್ಲ ಸಾರ್, ಗೋಡೆನೇ ನೆಂದ್ಹೋಗಿದೆ,” ಎಂದರು.

ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆಯುದ್ದಕ್ಕೂ ತಟ್ಟುತ್ತ ಹೋದೆವು. ಗಟ್ಟಿ ಇದ್ದಲ್ಲಿ ಟಣ್ ಎನ್ನುವ ಸದ್ದು, ಕೊಳೆತಲ್ಲಿ ಮಂಕಾದ ಸದ್ದು. ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿದಾಗ, ಎರಡು ಕಿಟಕಿಗಳ ಕೆಳಗೆ ಗೇಣಗಲದ ಜಾಗ ಸಂಪೂರ್ಣ ಕೊಳೆತಿತ್ತು, ಉಳಿದೆರಡರಲ್ಲಿ ಅಂಚಿನ ಒಂದೆರಡು ಅಂಗುಲ ಮಾತ್ರ ನೆಂದಿತ್ತು. ಕಾರಣ ಸ್ಪಷ್ಟವಿತ್ತು. ಮೂಲತಃ ದೋಣಿ ಕಟ್ಟಿದವರು ಗೋಡೆಯಲ್ಲಿ ತೆರವು ಕತ್ತರಿಸಿದ ಮೇಲೆ ಪ್ಲೈವುಡ್ಡಿನ ಬರಿಯ ಅಂಚನ್ನು ಹಾಗೆಯೇ ಬಿಟ್ಟು ಹಾಳೆ ಮುಚ್ಚಿದ್ದರು. ಸೀಲೆಂಟ್ ಒಂದು ಕಡೆ ಬಿಟ್ಟುಕೊಂಡರೆ ಸಾಕು, ಒಳಬಂದ ನೀರನ್ನು ಪ್ಲೈವುಡ್ಡಿನ ಅಂಚು ಕುಡಿಯುತ್ತದೆ; ಮೇಲೆ ಮೆತ್ತಿದ ಸಿಲಿಕಾನ್ ಆ ನೀರು ಆರಿಹೋಗದಂತೆ ತಡೆಯುತ್ತದೆ. ಹೊರಗಿನ ದುರಸ್ತಿ ಹೆಚ್ಚಿದಷ್ಟೂ ಒಳಗಿನ ಕೊಳೆ ಹೆಚ್ಚಿತ್ತು.

ನಿರ್ಣಾಯಕ ತಿರುವು: ನಿಲ್ಲಿಸುವ ತೀರ್ಮಾನ

ಆಗ ಮೇ ತಿಂಗಳ ನಡುಭಾಗ. ಮುಂದಿದ್ದ ದಾರಿಗಳು ಎರಡು. ಕೊಳೆತದ್ದನ್ನು ಕೈಗೆ ಸಿಕ್ಕಷ್ಟು ಕೆರೆದು, ಪುಟ್ಟಿ ತುಂಬಿ, ಹೊಸ ಹಾಳೆ ಹಾಕಿ ಮುಂಗಾರಿಗೆ ಮೊದಲು ದೋಣಿ ನೀರಿಗಿಳಿಸುವುದು ಒಂದು. ತೆರವುಗಳನ್ನು ತಾತ್ಕಾಲಿಕವಾಗಿ ಮುಚ್ಚಿ, ಮರ ಒಣಗುವವರೆಗೆ ಕೆಲಸ ನಿಲ್ಲಿಸುವುದು ಇನ್ನೊಂದು. ಎರಡನೆಯದೆಂದರೆ ಆ ಮಳೆಗಾಲ ಮತ್ತು ದಸರಾ ರಜೆಯ ದಿನಗಳು ಎರಡೂ ಕೈತಪ್ಪಿದಂತೆ. ನೆಂಟರಿಷ್ಟರು ಹಿನ್ನೀರು ತುಂಬಿದಾಗಲೇ ದೋಣಿಯಲ್ಲಿ ಕೂರಲು ಬರುವವರಾದ್ದರಿಂದ ಮನೆಯವರಿಗೆ ಇದು ಸುಲಭದ ಮಾತಾಗಿರಲಿಲ್ಲ.

ನಾನು ಎರಡನೆಯದರ ಪರ ವಾದಿಸಿದ್ದು ಮರದ ತೇವದ ಕಾರಣಕ್ಕೆ. ಗೋಡೆಯ ದುರಸ್ತಿಗೆ ಬಳಸುವ ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು, ಒದ್ದೆ ಮರವನ್ನು ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಪದರದ ಅಡಿಯಲ್ಲಿ ತೇವ ಉಳಿದು ಕೊಳೆ ಮುಂದುವರಿಯುತ್ತದೆ. ಮರದ ತೇವ ಶೇಕಡ 12ರ ಆಸುಪಾಸಿಗೆ ಇಳಿಯಬೇಕು. ಮಲೆನಾಡಿನ ಸೆರಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯೊಳಗಿನ ಒಣಮರವೂ ಗಾಳಿಯಿಂದಲೇ ಅದಕ್ಕಿಂತ ಹೆಚ್ಚು ತೇವ ಎಳೆದುಕೊಳ್ಳುತ್ತದೆ. ಬಲ್ಬು ಉರಿಸಿ ಒಣಗಿಸಬಹುದೆಂಬ ಸಲಹೆ ಬಂತು, ಆದರೆ ಸುತ್ತಲಿನ ಹವೆಯೇ ಒದ್ದೆಯಿರುವಾಗ ಬಲ್ಬು ಆರಿಸಿದ ಮರುದಿನ ತೇವ ಮರಳುತ್ತದೆ. ಮಾಲೀಕರು ಹೆಚ್ಚು ಮಾತಾಡಲಿಲ್ಲ. ಹಸಿ ಕಾಫಿಯನ್ನು ಮೂಟೆ ಕಟ್ಟಿದರೆ ಏನಾಗುತ್ತದೆಂದು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ದೋಣಿಯನ್ನು ಟ್ರೇಲರ್ ಮೇಲೆ ತೋಟದ ಗೋದಾಮಿನ ಪಕ್ಕದ ಶೆಡ್ಡಿಗೆ ಸಾಗಿಸಲಾಯಿತು. ತೆರವುಗಳಿಗೆ ಪ್ಲೈವುಡ್ ಹಲಗೆಗಳನ್ನು ಗಾಳಿಯಾಡುವಂತೆ ಬೆಣೆ ಕೊಟ್ಟು ಸಡಿಲವಾಗಿ ನಿಲ್ಲಿಸಲಾಯಿತು.

ಮಳೆ ಮುಗಿದರೂ ಕೆಲಸ ಶುರುವಾಗಲಿಲ್ಲ. ನವೆಂಬರಿನಿಂದ ಅರೇಬಿಕಾ ಕೊಯ್ಲು. ಶೆಡ್ಡು, ಆಳು, ಮೇಸ್ತ್ರಿ ಎಲ್ಲವೂ ಕಾಫಿಗೆ. ಫೆಬ್ರುವರಿಯಲ್ಲಿ ಮೇಸ್ತ್ರಿಯ ಕೈ ಬಿಡುವಾದಾಗ ಮರದ ತೇವ ತಾನಾಗಿಯೇ ಬೇಕಾದ ಮಟ್ಟಕ್ಕೆ ಬಂದಿತ್ತು. ತೇವ ಅಳೆದದ್ದು ಮರಗೆಲಸದವರು ಬಳಸುವ ಮೊಳೆಯಂಥ ಎರಡು ತುದಿಗಳ ಮೀಟರಿನಲ್ಲಿ. ತೋಟದಲ್ಲಿದ್ದ ಕಾಫಿ ಬೀಜದ ಮೀಟರನ್ನು ಮಾಲೀಕರ ತಮ್ಮ ಉತ್ಸಾಹದಿಂದ ತಂದುಕೊಟ್ಟರಾದರೂ ಅದು ಈ ಕೆಲಸಕ್ಕೆ ಬರುವುದಿಲ್ಲ.

ಗೋಡೆಯ ದುರಸ್ತಿ

ಅಂಚು ಮಾತ್ರ ನೆಂದಿದ್ದ ಕಡೆ, ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್ಡನ್ನು ಒಂದು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಆಳಕ್ಕೆ ಕೆರೆದು ತೆಗೆದು, ಆ ಖಾಲಿ ಸಂದಿಗೆ ಮೊದಲು ತೆಳು ಎಪಾಕ್ಸಿ ಕುಡಿಸಿ, ಆಮೇಲೆ ನುಣುಪಾದ ಮರದ ಪುಡಿ ಬೆರೆಸಿ ಗಟ್ಟಿಮಾಡಿದ ಎಪಾಕ್ಸಿ ತುಂಬಲಾಯಿತು. ಸಂಪೂರ್ಣ ಕೊಳೆತ ಎರಡು ಕಡೆ ಒಳಗಿನ ಫೈಬರ್ ಪದರವನ್ನು ಕತ್ತರಿಸಿ ತೆಗೆದು, ಹೊಸ ಪ್ಲೈವುಡ್ ಕೂರಿಸಿ, ಮೇಲೆ ಮತ್ತೆ ಫೈಬರ್ ಬಟ್ಟೆ ಹಾಸಲಾಯಿತು. ಒಳಪದರ ಕತ್ತರಿಸಿದ್ದು ಬೇಕೆಂದೇ. ಹೊರಪದರ ಮುಟ್ಟಿದರೆ ದೋಣಿಯ ಹೊರಮೈಯ ನುಣುಪು ಮತ್ತು ಬಣ್ಣವನ್ನು ಸರಿತೂಗಿಸುವ ಇನ್ನೊಂದು ದೊಡ್ಡ ಕೆಲಸ ಬೀಳುತ್ತಿತ್ತು.

ಇಲ್ಲಿ ಎರಡು ಸಾಮಾನುಗಳ ಆಯ್ಕೆಯನ್ನು ವಿವರಿಸಬೇಕು. ಪ್ಲೈವುಡ್ ಕೊಳ್ಳುವಾಗ ‘ವಾಟರ್‌ಪ್ರೂಫ್’ ಎಂಬ ಮಾತನ್ನು ನಂಬದೆ ಐಎಸ್ 710 ಎಂಬ ಗುರುತನ್ನು ನೋಡಿ ಕೊಳ್ಳಲಾಯಿತು. ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ ಅದು, ಅಂಗಡಿಗಳಲ್ಲಿ ‘710 ಗ್ರೇಡ್’ ಎಂದರೆ ಅರ್ಥವಾಗುತ್ತದೆ. ಇನ್ನು ರೆಸಿನ್, ಅಂದರೆ ಫೈಬರ್ ಬಟ್ಟೆಯನ್ನು ನೆನೆಸಿ ಗಟ್ಟಿಮಾಡುವ ರಾಳ. ನೀರಿನ ತೊಟ್ಟಿ, ಶೀಟು ಮಾಡುವ ಫೈಬರ್ ಕೆಲಸದವರ ಬಳಿ ಸುಲಭವಾಗಿ ಸಿಗುವುದು ಪಾಲಿಯೆಸ್ಟರ್ ರೆಸಿನ್, ಬೆಲೆಯೂ ಕಡಿಮೆ. ಹೊಸದಾಗಿ ದೋಣಿ ಕಟ್ಟಲು ಅದು ಸಾಕು. ಆದರೆ ಹಳೆಯ, ಪೂರ್ತಿ ಗಟ್ಟಿಯಾದ ಫೈಬರಿಗೂ ಮರಕ್ಕೂ ಬೆಸುಗೆ ಹಾಕುವಾಗ ಎಪಾಕ್ಸಿಯ ಹಿಡಿತ ಪಾಲಿಯೆಸ್ಟರಿಗೆ ಇಲ್ಲ. ದುರಸ್ತಿಯಲ್ಲಿ ಹಣ ಉಳಿಸುವ ಜಾಗ ಇದಲ್ಲವೆಂದು ಮಾಲೀಕರಿಗೆ ಹೇಳಿದೆ, ಅವರು ಒಪ್ಪಿದರು.

ಯಾವ ಹಾಳೆ, ಯಾವ ಜೋಡಣೆ

ಮನೆಯ ಗಾಜಿನ ಯೋಚನೆಯನ್ನು ಮೊದಲೇ ಕೈಬಿಡಲಾಗಿತ್ತು: ಒಡೆದರೆ ಚೂರಿಯಂಥ ತುಂಡುಗಳಾಗುವ ಗಾಜನ್ನು ಅಲುಗಾಡುವ ದೋಣಿಯಲ್ಲಿ, ಮಕ್ಕಳ ತಲೆಯ ಮಟ್ಟದಲ್ಲಿ ಇಡುವಂತಿಲ್ಲ. ಟಫನ್ಡ್ ಗಾಜು ಸುರಕ್ಷಿತವಾದರೂ ಅದನ್ನು ಗಟ್ಟಿಗೊಳಿಸಿದ ಮೇಲೆ ಕತ್ತರಿಸುವುದಾಗಲಿ ತೂತು ಕೊರೆಯುವುದಾಗಲಿ ಆಗದು, ಅಳತೆಯಲ್ಲಿ ಕಾಲಂಗುಲ ತಪ್ಪಿದರೂ ಹಾಳೆಯೇ ವ್ಯರ್ಥ. ಅದಕ್ಕಿಂತ ಮುಖ್ಯವಾಗಿ ಕ್ಯಾಬಿನ್ನಿನ ಗೋಡೆ ನೇರವಿರಲಿಲ್ಲ. ಉದ್ದಕ್ಕೆ ಅಳತೆಪಟ್ಟಿ ಹಿಡಿದರೆ ನಡುವೆ ಹೆಬ್ಬೆರಳು ತೂರುವಷ್ಟು ಬಾಗಿತ್ತು. ಗಾಜು ಹೀಗೆ ಬಾಗುವುದಿಲ್ಲ.

ಉಳಿದದ್ದು ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್. ಪಾಲಿಕಾರ್ಬೊನೇಟ್ ಏಟಿಗೆ ಜಗ್ಗುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ, ರಕ್ಷಣಾ ಲೇಪನವಿಲ್ಲದಿದ್ದರೆ ಬಿಸಿಲಿಗೆ ಹಳದಿಯಾಗುತ್ತದೆ. ಅಕ್ರಿಲಿಕ್ ಬಿಸಿಲಿಗೆ ಹೆಚ್ಚು ಬಾಳುತ್ತದೆ, ಗೀರನ್ನು ಉಜ್ಜಿ ಹೊಳಪು ಮಾಡಬಹುದು. ಏಟು ತಡೆಯುವ ಶಕ್ತಿ ಮಾತ್ರ ಕಡಿಮೆ. ಅಲೆ ಬಡಿಯುವ ಸಮುದ್ರದ ದೋಣಿಯಾಗಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಹಿನ್ನೀರಿನಲ್ಲಿ ಕಿಟಕಿಯ ಶತ್ರು ಬಿಸಿಲೇ ಹೊರತು ಅಲೆಯಲ್ಲ. ಎರಕದ ಅಕ್ರಿಲಿಕ್, 8 ಮಿ.ಮೀ. ದಪ್ಪ, ತುಸು ಹೊಗೆಬಣ್ಣ ಎಂದು ತೀರ್ಮಾನವಾಯಿತು. ಹಾಸನದಲ್ಲಿ ಅಕ್ರಿಲಿಕ್ ಸಿಗುವುದು ನಾಮಫಲಕ ಮಾಡುವವರ ಬಳಿ, ಅವರಲ್ಲಿ ತೆಳು ಹಾಳೆಗಳೇ ಹೆಚ್ಚು. ದಪ್ಪ ಹಾಳೆಯನ್ನು ಬೆಂಗಳೂರಿನಿಂದ ತರಿಸಿಕೊಟ್ಟರು.

ತೆರವುಗಳ ಗಾತ್ರ ಹಿಗ್ಗಿಸಿ ‘ದೊಡ್ಡ ನೋಟ’ ಮಾಡಿಕೊಳ್ಳುವ ಆಸೆ ಮನೆಯ ಕಿರಿಯರಿಗಿತ್ತು. ಮಾಲೀಕರು ಒಪ್ಪಲಿಲ್ಲ. 1917ರ ಹಳೆಯ ಕಾನೂನಿನ ಬದಲಿಗೆ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ನೋಂದಣಿ, ತಪಾಸಣೆಗಳ ಮಾತಿರುವಾಗ ದೋಣಿಯ ರೂಪ ಬದಲಿಸಿ ತಲೆನೋವು ತಂದುಕೊಳ್ಳುವುದೇಕೆ ಎಂಬುದು ಅವರ ನಿಲುವು. ಗೋಡೆಯ ಬಲದ ದೃಷ್ಟಿಯಿಂದಲೂ ಅದು ಸರಿ. ಸರಿಯುವ ಕಿಟಕಿಗಳನ್ನು ಮುಚ್ಚಿ ಒಂದೇ ಹಾಳೆ ಹಾಕುವ ಸಲಹೆಗೆ ಮಾತ್ರ ನಾನೇ ಖಡಾಖಂಡಿತವಾಗಿ ಬೇಡವೆಂದೆ: ದೋಣಿ ಮಗುಚಿದರೆ ಬಾಗಿಲು ಬಿಟ್ಟು ಹೊರಬರುವ ದಾರಿ ಅವೇ.

ಜೋಡಣೆಗೆ ಮೂರು ದಾರಿಗಳನ್ನು ಪರಿಶೀಲಿಸಿದೆವು. ಬಸ್ ಬಾಡಿ ಕಟ್ಟುವವರು ಬಳಸುವ ರಬ್ಬರ್ ಬೀಡಿಂಗ್ ಮತ್ತು ಫಿಲ್ಲರ್ ಪದ್ಧತಿ ಊರಿನಲ್ಲಿ ಬಲ್ಲವರಿದ್ದುದರಿಂದ ಆಕರ್ಷಕವಾಗಿತ್ತು. ಆದರೆ ಆ ರಬ್ಬರಿಗೆ ಗೋಡೆಯ ದಪ್ಪ ಸುತ್ತಲೂ ಒಂದೇ ಸಮನಾಗಿರಬೇಕು. ಕೈಯಿಂದ ಹಾಸಿದ ಈ ಹಳೆಯ ಗೋಡೆಯ ದಪ್ಪ ಒಂದೇ ತೆರವಿನ ಸುತ್ತ 18ರಿಂದ 24 ಮಿ.ಮೀ.ವರೆಗೆ ಏರಿಳಿಯುತ್ತಿತ್ತು. ಎರಡನೆಯದು, ಸ್ಕ್ರೂ ಇಲ್ಲದೆ ಅಂಟುಪಟ್ಟಿ ಮತ್ತು ಬಲವಾದ ಸಿಲಿಕಾನಿನಿಂದ ಹಾಳೆಯನ್ನು ನೇರ ಅಂಟಿಸುವ ಈಗಿನ ವಿಧಾನ. ನೋಟ ಅಂದ, ತೂತುಗಳ ಗೊಡವೆಯಿಲ್ಲ. ಬಾಗಿದ ಗೋಡೆಯ ಮೇಲೆ ಬಗ್ಗಿಸಿ ಅಂಟಿಸಿದ ಹಾಳೆ ಮಾತ್ರ ಹಗಲಿರುಳೂ ನೇರವಾಗಲು ಎಳೆಯುತ್ತಿರುತ್ತದೆ, ಆ ಎಳೆತವೆಲ್ಲ ಎರಡು ತುದಿಗಳ ಅಂಟಿನ ಮೇಲೆ. ಅಲ್ಲದೆ ಮುಂದೆ ತೆಗೆಯಬೇಕಾದರೆ ಹಾಳೆ ಉಳಿಯುವುದಿಲ್ಲ. ಮೂರನೆಯದು ಮೊದಲಿದ್ದಂತೆಯೇ ಹೊರಗಿನಿಂದ ಹಾಳೆ, ಸುತ್ತಲೂ ಬೋಲ್ಟು, ನಡುವೆ ಬ್ಯೂಟೈಲ್ ಎಂಬ ಅಂಟು ರಬ್ಬರಿನ ಪಟ್ಟಿ. ಬ್ಯೂಟೈಲ್ ಎಂದೂ ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ, ಬೇಕೆಂದಾಗ ಬಿಚ್ಚಬಹುದು. ಇದನ್ನೇ ಆರಿಸಲಾಯಿತು. ಅಂಗಡಿಯಲ್ಲಿ ಮೊದಲು ಕೊಟ್ಟದ್ದು ಛಾವಣಿ ಸೋರಿಕೆಗೆ ಮೇಲಿನಿಂದ ಅಂಟಿಸುವ, ಒಂದು ಬದಿಗೆ ಅಲ್ಯೂಮಿನಿಯಂ ಹಾಳೆಯಿರುವ ಪಟ್ಟಿ. ಅದು ಇದಕ್ಕೆ ಆಗುವುದಿಲ್ಲ, ಎರಡೂ ಬದಿ ಅಂಟುವ ಬರಿಯ ಬ್ಯೂಟೈಲೇ ಬೇಕು.

ಹಾಳೆ ಹಿಗ್ಗುವ ಲೆಕ್ಕ

ಹಳೆಯ ಹಾಳೆಗಳು ಒಡೆದದ್ದು ಎಲ್ಲೆಂದು ನೋಡಿದಾಗ ಬಹುತೇಕ ಬಿರುಕುಗಳು ಸ್ಕ್ರೂ ತೂತುಗಳಿಂದಲೇ ಹೊರಟಿದ್ದವು. ತೂತು ಸ್ಕ್ರೂವಿನಷ್ಟೇ ಗಾತ್ರದ್ದು, ಸ್ಕ್ರೂಗಳ ತಲೆ ಹಾಳೆಯೊಳಗೆ ಇಳಿಯುವ ಕೌಂಟರ್‌ಸಿಂಕ್ ಬಗೆಯದು. ಅಕ್ರಿಲಿಕ್ ಶಾಖಕ್ಕೆ ಗಾಜಿಗಿಂತ ಸುಮಾರು ಎಂಟು ಪಟ್ಟು ಹಿಗ್ಗುತ್ತದೆ. ಈ ದೋಣಿಯ ದೊಡ್ಡ ಹಾಳೆ 900 ಮಿ.ಮೀ. ಉದ್ದ. ಜನವರಿಯ ಮುಂಜಾವಿನ 15 ಡಿಗ್ರಿಯಿಂದ ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಕಾದ ಹೊಗೆಬಣ್ಣದ ಹಾಳೆಯ 60 ಡಿಗ್ರಿಯವರೆಗೆ ಲೆಕ್ಕ ಹಾಕಿದರೆ ಅದು 2.8 ಮಿ.ಮೀ. ಹಿಗ್ಗುತ್ತದೆ, ಅದರ ಹಿಂದಿನ ಫೈಬರ್ ಗೋಡೆ ಹಿಗ್ಗುವುದು ಒಂದು ಮಿ.ಮೀ.ನಷ್ಟು. ಉಳಿದ ಸುಮಾರು 1.8 ಮಿ.ಮೀ. ಎರಡು ತುದಿಗಳಿಗೆ ಹಂಚಿಹೋದರೆ ತುದಿಯ ತೂತುಗಳಲ್ಲಿ ಹಾಳೆ ಹತ್ತಿರ ಹತ್ತಿರ ಒಂದು ಮಿ.ಮೀ. ಸರಿಯಬೇಕು. ಸರಿಯಲು ಜಾಗವಿಲ್ಲದಿದ್ದರೆ ಬಿರಿಯುತ್ತದೆ.

ಆದ್ದರಿಂದ 5 ಮಿ.ಮೀ. ಬೋಲ್ಟಿಗೆ 8 ಮಿ.ಮೀ. ತೂತು, ದುಂಡು ತಲೆಯ 304 ದರ್ಜೆಯ ಸ್ಟೀಲ್ ಬೋಲ್ಟು, ತಲೆಯಡಿ ಅಗಲ ವಾಷರ್, ಅದರಡಿ ರಬ್ಬರ್ ಎಂದು ನಿಗದಿಯಾಯಿತು. ಸಿಹಿನೀರಾದ್ದರಿಂದ ಉಪ್ಪುನೀರಿಗೆ ಬಳಸುವ ದುಬಾರಿಯ 316 ದರ್ಜೆ ಬೇಕಿರಲಿಲ್ಲ. ಹಾಳೆಗೂ ಗೋಡೆಗೂ ನಡುವೆ ಬ್ಯೂಟೈಲ್ ಪೂರ್ತಿ ಹಿಂಡಿಹೋಗದಂತೆ 3 ಮಿ.ಮೀ. ದಪ್ಪದ ಸಣ್ಣ ರಬ್ಬರ್ ಬಿಲ್ಲೆಗಳನ್ನು ಬೋಲ್ಟುಗಳ ಪಕ್ಕ ಇಡಲಾಯಿತು.

ಮೇಸ್ತ್ರಿಗೆ ಇದು ಸುತರಾಂ ಹಿಡಿಸಲಿಲ್ಲ. ಸಂದಿ ಕಾಣದಂತೆ ಕೂಡಿಸುವುದೇ ಹಿರಿಮೆಯೆಂದು ಮರಗೆಲಸ ಕಲಿತವರಿಗೆ ದೊಡ್ಡ ತೂತು, ಬೇಕೆಂದೇ ಬಿಟ್ಟ ಸಂದು, ಬಿಗಿಯದ ಬೋಲ್ಟು ಇವೆಲ್ಲ ಕೈಲಾಗದವರ ಕೆಲಸದಂತೆ ಕಂಡವು. ಒಂದು ತುಂಡು ಹಾಳೆಯನ್ನು ಬಿಸಿಲಿಗಿಟ್ಟು ಮಧ್ಯಾಹ್ನ ಮತ್ತೆ ಅಳೆದು ತೋರಿಸಿದ ಮೇಲೆ ಒಪ್ಪಿದರು, ಅರೆಮನಸ್ಸಿನಿಂದ.

ಅಡ್ಡಿ ಬಂದದ್ದು ಇನ್ನೊಂದು ಕಡೆಯಿಂದ. ಹಾಳೆಗಳನ್ನು ರಟ್ಟಿನ ಅಚ್ಚಿನ ಅಳತೆಗೆ ಲೇಸರ್‌ನಲ್ಲಿ ಕತ್ತರಿಸಿ ಕೊಟ್ಟಿದ್ದರು, ಅಂಚು ಗಾಜಿನಂತೆ ಹೊಳೆಯುತ್ತಿತ್ತು. ಒಬ್ಬ ಹುಡುಗ ರಕ್ಷಣಾ ಕಾಗದದ ಅಂಟನ್ನು ಥಿನ್ನರ್ ಬಟ್ಟೆಯಿಂದ ಒರೆಸಿದ. ಸಂಜೆಯ ಹೊತ್ತಿಗೆ ಆ ಅಂಚಿನುದ್ದಕ್ಕೂ ಸಣ್ಣ ಬಿರುಕುಗಳ ಸಾಲು. ಲೇಸರ್ ಶಾಖದಿಂದ ಕತ್ತರಿಸಿದ ಅಂಚಿನಲ್ಲಿ ಸೆಳೆತ ಉಳಿದಿರುತ್ತದೆ, ಥಿನ್ನರ್, ಪೆಟ್ರೋಲ್, ಸ್ಪಿರಿಟ್ ಯಾವುದು ತಗುಲಿದರೂ ಅದು ಬಿರುಕಾಗಿ ಹೊರಬರುತ್ತದೆ. ಅದೃಷ್ಟಕ್ಕೆ ಅದು ಸಣ್ಣ ಹಾಳೆ, ಉಳಿಕೆ ತುಂಡಿನಲ್ಲಿ ಇನ್ನೊಂದು ಸಿಕ್ಕಿತು. ಉಳಿದವುಗಳ ಅಂಚನ್ನು ಉಪ್ಪುಕಾಗದದಿಂದ ಒಂದು ಮಿ.ಮೀ.ಗೂ ಹೆಚ್ಚು ಉಜ್ಜಿ ತೆಗೆದು, ಆಮೇಲೆ ಸೋಪುನೀರು ಬಿಟ್ಟು ಬೇರೇನನ್ನೂ ಹತ್ತಿರ ತರಲಿಲ್ಲ. ತೂತು ಕೊರೆಯುವಾಗಲೂ ಹಾಗೆಯೇ: ಸಾಮಾನ್ಯ ಡ್ರಿಲ್ ಬಿಟ್ ಅಕ್ರಿಲಿಕ್ಕನ್ನು ಕಚ್ಚಿ ಎಳೆದು ಹಿಂಬದಿಯಲ್ಲಿ ಚಕ್ಕೆ ಎಬ್ಬಿಸುತ್ತದೆ. ಬಿಟ್ಟಿನ ಬಾಯಿಯ ಚೂಪನ್ನು ಸಾಣೆಯಲ್ಲಿ ತುಸು ಮೊಂಡು ಮಾಡಿ, ಹಿಂದೆ ಹಲಗೆ ಕೊಟ್ಟು, ನಿಧಾನ ತಿರುಗಿಸಿದರೆ ಕಚ್ಚದೆ ಕೆರೆಯುತ್ತ ಇಳಿಯುತ್ತದೆ.

ಬೋಲ್ಟುಗಳನ್ನು ಒಂದೇ ಸಲ ಬಿಗಿಯಲಿಲ್ಲ. ಬಿಸಿಲು ಬಿದ್ದು ಬ್ಯೂಟೈಲ್ ಮೆತ್ತಗಾದಾಗ, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, ಮರುದಿನ ಮತ್ತೆ, ಅಂಚಿನಿಂದ ಬ್ಯೂಟೈಲ್ ಸಮನಾಗಿ ಇಣುಕಿ, ಹಾಳೆ ಬಿಲ್ಲೆಗಳ ಮೇಲೆ ಕೂತಾಗ ನಿಲ್ಲಿಸುವುದು. ಹೊರಬಂದದ್ದನ್ನು ಪ್ಲಾಸ್ಟಿಕ್ ಬ್ಲೇಡಿನಿಂದ ಕತ್ತರಿಸಲಾಯಿತು. ಛಾವಣಿಯ ಕೈಹಿಡಿಯ ಬೋಲ್ಟುಗಳನ್ನೂ ಬಿಚ್ಚಿ, ತೂತಿನ ಒಳಗೋಡೆಗೆ ಎಪಾಕ್ಸಿ ತುಂಬಿ ಮರುಕೊರೆದು, ಬ್ಯೂಟೈಲಿನಲ್ಲಿ ಕೂರಿಸಲಾಯಿತು. ಮುಂದಿನ ಗಾಜುಗಳನ್ನು ಬದಲಿಸಲಿಲ್ಲ. ವೈಪರ್ ಓಡಾಡುವ ಜಾಗದಲ್ಲಿ ಪ್ಲಾಸ್ಟಿಕ್ ಹಾಕಿದರೆ ಒಂದೇ ಮಳೆಗಾಲಕ್ಕೆ ಗೀರುಮಯ. ರಬ್ಬರ್ ಮಾತ್ರ ಹೊಸದು, ಅದನ್ನು ಬಸ್ ಬಾಡಿ ಕೆಲಸದವರು ಬಂದು ಅರ್ಧ ದಿನದಲ್ಲಿ ಕೂರಿಸಿ ಹೋದರು.

ಏನಾಯಿತು

ಅದೇ ಪೈಪಿನ ಪರೀಕ್ಷೆಯಲ್ಲಿ ಎಲ್ಲ ಕಿಟಕಿಗಳೂ ಒಣಗಿಯೇ ಇದ್ದವು. ಯುಗಾದಿಯ ಹೊತ್ತಿಗೆ ದೋಣಿ ದಡಕ್ಕೆ ಮರಳಿತು. ಜುಲೈನಲ್ಲಿ, ಪುನರ್ವಸು ಮಳೆ ಹಿಡಿದು ಹೊಡೆಯುತ್ತಿದ್ದಾಗ, ಎಡ ಮಗ್ಗುಲಿನ ಹಿಂದಿನ ಕಿಟಕಿಯ ಕೆಳಮೂಲೆಯಲ್ಲಿ ಮತ್ತೆ ತೇವ ಕಂಡಿತು. ಮಾಲೀಕರು ಫೋನ್ ಮಾಡಿದಾಗ ಅವರ ದನಿಯಲ್ಲಿ ನಿರಾಸೆಯಿತ್ತು. ಮನೆಯಲ್ಲಿ ಯಾರೋ ಸಿಲಿಕಾನ್ ಟ್ಯೂಬ್ ತರಲು ಹೊರಟಿದ್ದರಂತೆ. ಏನನ್ನೂ ಹಚ್ಚದೆ ಮಳೆ ಬಿಡುವು ಕೊಟ್ಟ ದಿನ ಹಾಳೆ ಬಿಚ್ಚಲು ಹೇಳಿದೆ. ಬಿಚ್ಚಿ ನೋಡಿದರೆ ಆ ಮೂಲೆಯ ಎರಡು ಬೋಲ್ಟುಗಳ ಬಳಿ ರಬ್ಬರ್ ಬಿಲ್ಲೆಗಳೇ ಇರಲಿಲ್ಲ, ಹಾಳೆ ಗೋಡೆಗೆ ತಾಗುವಷ್ಟು ಬೋಲ್ಟುಗಳನ್ನು ಬಿಗಿಯಲಾಗಿತ್ತು. ಬ್ಯೂಟೈಲ್ ಎಲ್ಲ ಹಿಂಡಿಹೋಗಿ ಕಾಗದದ ತೆಳುವಾಗಿ, ಬೇಸಿಗೆಯ ಹಿಗ್ಗುವಿಕೆಗೆ ಹರಿದಿತ್ತು. ಮರಗೆಲಸದ ಕೈ ಅಭ್ಯಾಸಬಲದಿಂದ ಸಂದಿಯನ್ನು ಮುಚ್ಚಿಬಿಟ್ಟಿತ್ತು. ಬಿಲ್ಲೆ ಇಟ್ಟು, ಹೊಸ ಪಟ್ಟಿ ಹಾಕಿ, ಅದೇ ಹಾಳೆಯನ್ನು ಅದೇ ಬೋಲ್ಟುಗಳಿಂದ ಕೂರಿಸಲು ಒಂದು ಬೆಳಗು ಹಿಡಿಯಿತು. ಅಂಚಿನ ಪ್ಲೈವುಡ್ಡಿಗೆ ಎಪಾಕ್ಸಿಯ ಹೊದಿಕೆ ಇದ್ದುದರಿಂದ ಒಳಬಂದ ನೀರು ಮರಕ್ಕೆ ಇಳಿದಿರಲಿಲ್ಲ.

ಇದರಿಂದ ತಿಳಿಯುವುದು

ಇದೇ ಬಗೆಯ ಕೆಲಸ ಕೈಗೊಳ್ಳುವವರು ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಹಾಳೆಯ ಆಯ್ಕೆಯನ್ನಲ್ಲ ಎಂಬುದು ನನ್ನ ಅಭಿಪ್ರಾಯ. ಅಕ್ರಿಲಿಕ್ ಬದಲು ಒಳ್ಳೆಯ ಲೇಪನದ ಪಾಲಿಕಾರ್ಬೊನೇಟ್ ಹಾಕಿದ್ದರೂ ಫಲ ಹೆಚ್ಚು ಬೇರೆಯಾಗುತ್ತಿರಲಿಲ್ಲ. ಕೊಳೆತ ಗೋಡೆಗೆ ಅತ್ಯುತ್ತಮ ಹಾಳೆ ಹಾಕಿದ್ದರೆ ಎರಡು ಮಳೆಗಾಲದಲ್ಲಿ ಬೋಲ್ಟುಗಳಿಗೆ ಹಿಡಿತವೇ ಉಳಿಯುತ್ತಿರಲಿಲ್ಲ. ಖರ್ಚಿನಲ್ಲೂ ಇದು ಕಾಣುತ್ತದೆ: ಹಾಳೆ, ಬೋಲ್ಟು, ಬ್ಯೂಟೈಲ್ ಎಲ್ಲ ಸೇರಿದರೂ ಗೋಡೆಯ ದುರಸ್ತಿಯ ಎಪಾಕ್ಸಿ ಮತ್ತು ಕೂಲಿಗಿಂತ ಕಡಿಮೆಯಾಯಿತು. ಮೊದಲ ಅಂದಾಜಿನಲ್ಲಿ ಆ ಬಾಬ್ತೇ ಇರಲಿಲ್ಲ. ಹಳೆಯ ದೋಣಿಯ ಕಿಟಕಿಗೆ ಅಂದಾಜು ಪಟ್ಟಿ ಬರೆಯುವವರು ಒಂದು ಹಾಳೆಯನ್ನಾದರೂ ತೆಗೆದು ಅಂಚು ನೋಡಿದ ಮೇಲೆಯೇ ಬರೆಯುವುದು ಲೇಸು.

ತಡಮಾಡುವ ತೀರ್ಮಾನದ ಬಗ್ಗೆ ಭಿನ್ನಾಭಿಪ್ರಾಯ ಸಾಧ್ಯ. ಬಯಲುಸೀಮೆಯಲ್ಲಿ, ಉದಾಹರಣೆಗೆ ಅರಸೀಕೆರೆಯ ಕಡೆಯ ಒಣ ಹವೆಯಲ್ಲಿ, ಇದೇ ಗೋಡೆ ಕೆಲವೇ ವಾರಗಳಲ್ಲಿ ಒಣಗುತ್ತಿತ್ತೆಂದು ಒಬ್ಬ ಪರಿಚಿತರು ಹೇಳಿದರು. ಅದು ನಿಜವಿರಬಹುದು, ಟ್ರೇಲರ್ ಮೇಲಿದ್ದ ದೋಣಿಯನ್ನು ಪೂರ್ವಕ್ಕೆ ಸಾಗಿಸಿ ಒಣಗಿಸುವ ಯೋಚನೆ ಆಗ ಯಾರಿಗೂ ಹೊಳೆಯಲಿಲ್ಲ. ಒಂದು ವರ್ಷ ಕಾಯಲು ಆಗದವರು ಅದನ್ನು ಪರಿಶೀಲಿಸಬಹುದು.

ಈಗಿನ ಸ್ಥಿತಿ

ಎರಡನೆಯ ಮಳೆಗಾಲ ಕಳೆದಿದೆ, ಕ್ಯಾಬಿನ್ ಒಣಗಿದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಬೋಲ್ಟುಗಳನ್ನು ಕೈಯಲ್ಲಿ ಮುಟ್ಟಿ ನೋಡುವುದು, ಸರಿಯುವ ಕಿಟಕಿಗಳ ಕಿಂಡಿಗೆ ತಂತಿ ಆಡಿಸುವುದು, ಕಿಟಕಿಯ ಕೆಳಗಿನ ಗೋಡೆಯನ್ನು ತಟ್ಟಿ ಕೇಳುವುದು ಎಂದು ನಿಗದಿಯಾಗಿದ್ದು, ಆ ಕೆಲಸವನ್ನು ಮೇಸ್ತ್ರಿಯೇ ವಹಿಸಿಕೊಂಡಿದ್ದಾರೆ. ರಟ್ಟಿನ ಅಚ್ಚುಗಳನ್ನು ಪ್ಲೈವುಡ್ಡಿಗೆ ಇಳಿಸಿ ಗೋದಾಮಿನಲ್ಲಿ ಇಡಲಾಗಿದೆ. ಬಲ ಮಗ್ಗುಲಿನ ಮುಂದಿನ ಕಿಟಕಿಯ ಕೆಳಗೆ, ಆಗ ಗಟ್ಟಿ ಸದ್ದು ಬಂದಿದ್ದ ಒಂದು ಅಂಗೈಯಗಲದ ಜಾಗದಲ್ಲಿ ಈ ಸಲ ಸದ್ದು ತುಸು ಮಂಕಾಗಿ ಕೇಳಿಸಿದ್ದರಿಂದ, ಬರುವ ಫೆಬ್ರುವರಿಯಲ್ಲಿ ಅಲ್ಲಿನ ಒಳಪದರ ಬಿಚ್ಚಿ ನೋಡುವುದೆಂದು ಮಾಲೀಕರು ತೀರ್ಮಾನಿಸಿದ್ದಾರೆ.